ಅಳತೆಗೆ ಕೊಟ್ಟ ಪೆಟ್ಟಿಗೆ

ಕಳೆದ ತಿಂಗಳು ಮಳವಳ್ಳಿಯಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ರೇಡಿಯೊ ರಿಪೇರಿಯವರು ತಂತಿಗೆ ಸೀಸ ಹಿಡಿಸುವಾಗ ಏಳುವ ಆ ಹೊಗೆಯನ್ನು ಒಂದು ಸಲ ಹತ್ತಿರ ಕೂತು ಕುಡಿದವರು ಮರೆಯುವುದಿಲ್ಲ. ತಿರುಗಿ ನೋಡಿದರೆ ಪಕ್ಕದಲ್ಲೇ ಒಂದು ಸಣ್ಣ ರಿಪೇರಿ ಅಂಗಡಿ. ಮೇಜಿನ ಮೇಲೆ ಬೆನ್ನು ಬಿಚ್ಚಿಸಿಕೊಂಡು ಒಂದು ಹಾಡಿನ ಪೆಟ್ಟಿಗೆ ಮಲಗಿತ್ತು. ಅದರ ಒಡತಿ ಇರಬೇಕು, ನೀಲಿ ಸೀರೆಯ ಹೆಂಗಸೊಬ್ಬರು ಎದುರಿನ ಬೆಂಚಿನಲ್ಲಿ ಕೂತು ಆಸ್ಪತ್ರೆಯಲ್ಲಿ ಕಾಯುವವರ ಹಾಗೆ ಅದನ್ನೇ ನೋಡುತ್ತಿದ್ದರು. ಪೆಟ್ಟಿಗೆಯ ಎಡಮಗ್ಗುಲು ಹೊಟ್ಟೆ ಬಂದು ಉಬ್ಬಿತ್ತು. ಅಯ್ಯೋ ಶಿವನೆ, ನೀನಿನ್ನೂ ಇದ್ದೀಯಾ ಅಂದುಕೊಂಡೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ.

ಆ ಹೊಟ್ಟೆಯ ಹಿಂದೆ ನಾನು ಒಂದು ಇಡೀ ಮಳೆಗಾಲ ಅಲೆದಿದ್ದೇನೆ.

ಆಗ ನಾನು ಮಂಡ್ಯದಲ್ಲಿ ಹೊಸ ವಕೀಲೆ. ಕೋಟಿನ ಕಪ್ಪು ಇನ್ನೂ ಮಾಸಿರಲಿಲ್ಲ, ಕಕ್ಷಿದಾರರು ನನ್ನನ್ನು ನೋಡಿ "ಲಾಯರು ಎಲ್ಲಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದ ಕಾಲ. ಊರು ಬಸರಾಳು. ಮನೆಯಲ್ಲಿ ಎರಡು ಸೀಮೆ ಹಸು, ಕೊಟ್ಟಿಗೆಯ ತೊಲೆಗೆ ತೂಗುಹಾಕಿದ ಒಂದು ಗಿಳಿ ಪೆಟ್ಟಿಗೆ. ನಮ್ಮ ಕಡೆ ಹಾಲು ಕರೆಯುವವರಿಗೆ ಗಿಳಿ ಪೆಟ್ಟಿಗೆ ಏನೆಂದು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಎಫ್ಎಂ ಬರುತ್ತದೆ, ಪೆನ್‌ಡ್ರೈವ್ ಚುಚ್ಚಬಹುದು, ಮೊಬೈಲಿನಿಂದಲೂ ಹಾಡು ಬಿಡಬಹುದು. ಮುಂದೆ ಹಸಿರು ಬಟ್ಟೆ, ಮೂಲೆಯಲ್ಲಿ ಬಣ್ಣದ ಒಂದು ಗಿಳಿ. ವಿಶೇಷ ಇರುವುದು ನೆತ್ತಿಯಲ್ಲಿ. ಹಗ್ಗ ಕಟ್ಟಲು ಎರಡು ತೂತು, ಅವೆರಡೂ ನಡುವಿನಲ್ಲಿರದೆ ತೀರ ಹಿಂದಕ್ಕಿವೆ. ತೂಗುಹಾಕಿದರೆ ಪೆಟ್ಟಿಗೆ ಮುಂದಕ್ಕೆ ತಲೆ ಬಗ್ಗಿಸಿ ನಿಲ್ಲುತ್ತದೆ, ಹಸುವಿನ ಕೊಂಬಿಗೆ ಎಟುಕುವುದಿಲ್ಲ, ಹಾಡು ನೇರವಾಗಿ ಕೆಳಗೆ ಕೂತು ಹಾಲು ಕರೆಯುವವರ ಕಿವಿಗೆ ಇಳಿಯುತ್ತದೆ. ಸೀಮೆ ಹಸುಗಳಿಗೆ ಅದರ ದನಿ ಎಷ್ಟು ರೂಢಿಯಾಗಿತ್ತೆಂದರೆ ಪೆಟ್ಟಿಗೆ ಕೆಟ್ಟ ದಿನ ಹಾಲೇ ಇಳಿಸುತ್ತಿರಲಿಲ್ಲ. ಪಕ್ಕದ ಮನೆಯವರು ಯಾವುದೋ ದೊಡ್ಡ ಕಂಪನಿಯ ಸ್ಪೀಕರ್ ತಂದಾಗ ನಮ್ಮಮ್ಮ ಮೂಗು ಮುರಿದು, "ಅದು ಮನುಸರಿಗೆ ಮಾಡಿರೋದು, ಅಸಗಳ್ಗಲ್ಲ" ಎಂದು ಒಳಗೆ ಹೋದಳು.

ಮದ್ದೂರಿನ ಸುತ್ತ ಇದ್ದದ್ದೆಲ್ಲ ಗಿಳಿ. ಮಳವಳ್ಳಿಯ ಕಡೆ ಹೋದರೆ ಮೈನಾ. ಅದೂ ಹಸಿರು ಬಟ್ಟೆಯದೇ, ಅದೂ ತಲೆ ಬಗ್ಗಿಸಿದ್ದೇ, ಮೂಲೆಯಲ್ಲಿ ಮಾತ್ರ ಗಿಳಿಯ ಬದಲು ಒಂದು ಕಪ್ಪು ಹಕ್ಕಿ, ಎಡಮಗ್ಗುಲಲ್ಲಿ ಆ ಉಬ್ಬು. ಮದ್ದೂರು ಕಡೆಯ ಹುಡುಗಿಯನ್ನು ಮಳವಳ್ಳಿ ಕಡೆ ಕೊಟ್ಟರೆ ಅವಳ ಹಿಂದೆಯೇ ಗಿಳಿ ಪೆಟ್ಟಿಗೆಯೂ ಹೋಗುತ್ತಿತ್ತು. ಒಂದೇ ಕೊಟ್ಟಿಗೆಯಲ್ಲಿ ಅತ್ತೆಯ ಮೈನಾ ಆ ಕಡೆ, ಸೊಸೆಯ ಗಿಳಿ ಈ ಕಡೆ ತೂಗಾಡುವ ಮನೆಗಳಿದ್ದವು. ಯಾರ ಪೆಟ್ಟಿಗೆ ಮೊದಲು ಹಾಕಬೇಕು ಅಂತ ಮಾತಿಗೆ ಮಾತು ಬೆಳೆದು ಹಸುಗಳು ತಬ್ಬಿಬ್ಬಾಗಿದ್ದೂ ಉಂಟು.

ಗಿಳಿ ಮಾಡುತ್ತಿದ್ದವರು ಆತಗೂರಿನ ಪುಟ್ಟಸ್ವಾಮಿ, ಮದ್ದೂರು ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ನಾಲೆಗೆ ನೀರು ಬಿಟ್ಟ ವಾರ, ಮಳೆಯಲ್ಲಿ ತೊಯ್ದುಕೊಂಡು, ಹೆಗಲ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಪೆಟ್ಟಿಗೆ ಹೊತ್ತು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ತಾವು ನೆನೆದಿದ್ದರೂ ಪೆಟ್ಟಿಗೆ ನೆನೆದಿರಲಿಲ್ಲ. ನಮ್ಮ ಸೀನಿಯರ್ರು ಕೋರ್ಟಿಗೆ ಹೊರಟಿದ್ದವರು ನನ್ನ ಕಡೆ ಕೈ ತೋರಿಸಿ ಹೋದರು. ಗಿಳಿ ಪೆಟ್ಟಿಗೆ ಮಾಡಿದ ಮನುಷ್ಯ ನನ್ನ ಎದುರು ಕೂತಿದ್ದಾರೆ ಅಂತ ನನಗೋ ಒಳಗೊಳಗೇ ಹಿಗ್ಗು. ಅಮ್ಮನಿಗೆ ಫೋನು ಮಾಡಿ ಹೇಳಬೇಕು ಅನ್ನಿಸುತ್ತಿತ್ತು.

ಅವರು ಹೇಳಿದ್ದು ಇಷ್ಟು. ಮಳವಳ್ಳಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾರೆ. ಎದುರು ಸಾಲಿನಲ್ಲಿದ್ದ ಹೆಂಗಸೊಬ್ಬರು ಹಸು, ಹಾಲು, ಡೈರಿಯ ರೇಟು ಅಂತ ಮಾತು ತೆಗೆದಿದ್ದಾರೆ. ಇವರು ಹೆಮ್ಮೆಯಿಂದ, ಗಿಳಿ ಪೆಟ್ಟಿಗೆ ಮಾಡೋನು ನಾನೇ ಅಂದಿದ್ದಾರೆ. ಆಕೆ ಮೇಲಿಂದ ಕೆಳಗೆ ನೋಡಿ, "ಓ, ಮಾದೇಸನ ಪೆಟ್ಟಿಗೆ ನೋಡ್ಕೊಂಡು ಮಾಡಿರೋದಾ? ಅದ್ರಲ್ಲಿ ಒಟ್ಟೆ ಇರಾಕಿಲ್ವಂತೆ, ಡೂಪ್ಲಿಕೇಟು ಅಂತರೆ" ಅಂದಳಂತೆ. ಸುತ್ತ ಕೂತಿದ್ದವರೂ ಹೌದು ಹೌದು ಅಂದರಂತೆ. ಎಲೆಗೆ ಪಾಯಸ ಬಿದ್ದಿತ್ತು. ಅದನ್ನು ಮುಟ್ಟದೆ ಎದ್ದು ಬಂದೆ ಅಂದರು. ಅಷ್ಟು ದೊಡ್ಡ ಆಳು ಪಾಯಸದ ಮಾತಿಗೆ ಕಣ್ಣಲ್ಲಿ ನೀರು ತಂದುಕೊಂಡಿದ್ದನ್ನು ನೋಡಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಎಷ್ಟು ಪರಿಹಾರ ಕೇಳೋಣ ಎಂದು ನಾನು ಪೆನ್ನು ಹಿಡಿದು ಕೂತೆ. ಅವರು ತಲೆ ಅಲ್ಲಾಡಿಸಿದರು.

"ನಂಗೆ ದುಡ್ಡು ಬ್ಯಾಡ ಕಣಮ್ಮ ಲಾಯರಮ್ಮ. ಇದು ಪುಟ್ಸಾಮಿ ಮಾಡಿದ್ದು ಅಂತ ಆ ಕಡೆಯೋರ ಒಬ್ರ ಬಾಯಲ್ಲಿ ಏಳ್ಸು. ಸಾಕು."

ಮಾದೇಶ ಮಳವಳ್ಳಿಯವನು, ಮೈನಾ ಮಾಡುವವನು. ಪುಟ್ಟಸ್ವಾಮಣ್ಣನಿಗೂ ಅವನಿಗೂ ಮುಖ ಪರಿಚಯವೂ ಇರಲಿಲ್ಲ. ನಾನು ಒಂದು ಮೈನಾ ಕೊಂಡು ತಂದು ಗಿಳಿಯ ಪಕ್ಕ ಇಟ್ಟು ನೋಡಿದೆ. ಅಗಲ, ಎತ್ತರ, ಬಟ್ಟೆ, ತೂತು ಎಲ್ಲ ಅಚ್ಚು ಹೊಡೆದ ಹಾಗೆ ಒಂದೇ. ಆ ಹೊಟ್ಟೆ ಮಾತ್ರ ಯಾಕೆ ಅಂತ ಅರ್ಥವಾಗಲಿಲ್ಲ. ಪುಟ್ಟಸ್ವಾಮಣ್ಣ ಅದರ ಮೇಲೆ ಬೆರಳಾಡಿಸಿ, ಮರ ಕೊಯ್ಯಲು ಬರದವನ ಕೆಲಸ ಅಂದು ಕೈ ಕೊಡವಿಕೊಂಡರು.

ಸಾಯಂಕಾಲ ಸೀನಿಯರ್ರು ಕತೆ ಕೇಳಿ ತಲೆ ಚಚ್ಚಿಕೊಂಡರು. ವಸ್ತುವಿನ ರೂಪ ನನ್ನದು ಅಂತ ಕಾನೂನಿನ ಎದುರು ಹೇಳಬೇಕಾದರೆ ಅದನ್ನು ಮಾರಲು ಶುರು ಮಾಡುವ ಮುಂಚೆಯೇ ನೋಂದಣಿ ಮಾಡಿಸಬೇಕು. ಈ ಮಹಾನುಭಾವರು ವರ್ಷಗಟ್ಟಲೆ ಮಾರಿ ಈಗ ಬಂದಿದ್ದಾರೆ. ಉಳಿದಿದ್ದು ಒಂದೇ ದಾರಿ: ಇವರೇ ಮೊದಲು ಮಾಡಿದ್ದು ಅಂತ ತೋರಿಸಬೇಕು, ಆ ರೂಪ ನೋಡಿದ ಕೂಡಲೇ ಜನಕ್ಕೆ ಇವರೇ ನೆನಪಾಗುತ್ತಾರೆ ಅಂತಲೂ ತೋರಿಸಬೇಕು. ಎರಡನೆಯದು ಮದುವೆಮನೆಯಲ್ಲೇ ಬಿದ್ದುಹೋಗಿತ್ತು. "ಒಂದು ನೋಟಿಸು ಕೊಡು, ಕೂಡಿಸಿ ರಾಜಿ ಮಾಡು, ಮಳೆ ಬಿಡೋದರೊಳಗೆ ಮುಗಿಸು" ಅಂದರು. ನನಗೆ ಮೈ ಉರಿಯಿತು. ನಮ್ಮಮ್ಮನ ಪೆಟ್ಟಿಗೆಯನ್ನು ಡೂಪ್ಲಿಕೇಟು ಅಂದವರನ್ನು ನಾನು ರಾಜಿ ಮಾಡಿ ಬಿಡುವುದಾ ಅಂತ ಹಟ ಹಿಡಿದು ನೋಟಿಸು ಬರೆದೆ. ಎಷ್ಟು ಖಾರವಾಗಿ ಬರೆದೆನೆಂದರೆ ಟೈಪು ಮಾಡುವವರು ಎರಡು ಸಲ ತಲೆಯೆತ್ತಿ ನನ್ನ ಮುಖ ನೋಡಿದರು.

ನೋಟಿಸಿಗೆ ಉತ್ತರವಾಗಿ ಮಾದೇಶ ತಾನೇ ಬಂದ. ವಕೀಲರಿಲ್ಲ, ಕಾಗದವಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ನಾನು ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದರೆ ಈತ, ಹೌದು ಮೇಡಂ, ನೋಡಿಕೊಂಡೇ ಮಾಡಿದೆ ಅಂತ ಮೊದಲ ಮಾತಿಗೇ ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡವನ ಜೊತೆ ಜಗಳ ಆಡುವುದು ಹೇಗೆ ಅಂತ ನನಗೆ ಯಾರೂ ಕಲಿಸಿರಲಿಲ್ಲ.

ಅವನ ತಂದೆ ಮಳವಳ್ಳಿಯಲ್ಲಿ ಟೈಲರಾಗಿದ್ದವರು. ಮಾದೇಶ ಐಟಿಐ ಓದಿ ಅಪ್ಪನ ಅಂಗಡಿಯ ಅರ್ಧದಲ್ಲೇ ರಿಪೇರಿ ಶುರು ಮಾಡಿದ್ದ. ಒಂದು ದಿನ ಯಾರೋ ಹಳೆಯ ಪೆಟ್ಟಿಗೆ ತಂದು ಇಂಥದ್ದೇ ಒಂದು ಮಾಡಿಕೊಡಪ್ಪ ಅಂದರು. ಟೈಲರ ಮಗನಿಗೆ ಇದರಲ್ಲಿ ತಪ್ಪೇನು ಕಂಡೀತು? ಹೆಂಗಸರು ಹೊಸ ಬಟ್ಟೆಯ ಜೊತೆ ಹಳೆಯ ರವಿಕೆ ತಂದುಕೊಡುತ್ತಾರೆ, ಅದರ ಅಳತೆಗೆ ಹೊಲಿಯಬೇಕು. ಆ ಹಳೆಯ ರವಿಕೆಯನ್ನು ಯಾವ ಟೈಲರು ಹೊಲಿದಿದ್ದ ಅಂತ ಯಾರೂ ಕೇಳುವುದಿಲ್ಲ. ಆ ಒಂದು ಪೆಟ್ಟಿಗೆ ನೋಡಿ ಅಕ್ಕಪಕ್ಕದವರು ಬಂದರು, ಅವರದು ನೋಡಿ ಪಕ್ಕದ ಊರಿನವರು ಬಂದರು.

ಹೊಟ್ಟೆ ಯಾಕೆ ಬಿಟ್ಟಿದ್ದೀರಿ ಅಂತ ಕೇಳಿದೆ.

"ಅಳತೆಗೆ ಕೊಟ್ಟಿದ್ರಲ್ಲಿ ಅಂಗೇ ಇತ್ತು ಮೇಡಂ. ಎಂಗಿತ್ತೋ ಅಂಗೇ ಒಲೀಬೇಕು ಅಂತ ನಮ್ಮಪ್ಪ ಏಳ್ಕೊಟ್ಟವ್ರೆ. ನಮ್ ಬುದ್ದಿ ತೂರಿಸಾಕೆ ಓದ್ರೆ ಗಿರಾಕಿ ವಾಪಸ್ ತತ್ತಾರೆ."

ಗಿಳಿಯನ್ನು ಮೈನಾ ಮಾಡಿದ್ದು ಮಾತ್ರ ಬುದ್ಧಿ ತೂರಿಸಿದ್ದಲ್ಲವಾ ಅಂದೆ. ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಅಳತೆಯ ಪೆಟ್ಟಿಗೆಯಲ್ಲಿ ಹಕ್ಕಿ ಕಪ್ಪಗೇ ಇತ್ತಂತೆ. ಕೊಕ್ಕು, ಬಾಲ ಎರಡೂ ಮೋಟಾಗಿದ್ದವಂತೆ. ಇದು ಮೈನಾ ಇರಬೇಕು ಅಂತ ಅದೇ ಹೆಸರು ಇಟ್ಟನಂತೆ. ಕೊಟ್ಟವರು ಯಾರು ಅಂದಾಗ ಮಾತ್ರ ನೆಲ ನೋಡಿದ. ಅವರದೇನೂ ತಪ್ಪಿಲ್ಲ, ಹೆಸರು ಹೇಳಲಾರೆ, ಬೇಕಾದರೆ ನನ್ನ ಮೇಲೆ ಕೇಸು ಹಾಕಿ ಅಂದ. ಅವನು ಹೋದ ಮೇಲೆ ಬಾಳೆಹಣ್ಣನ್ನು ಸೀನಿಯರ್ರೂ ಟೈಪಿನವರೂ ತಿಂದರು. ಎದುರು ಪಕ್ಷದ ಹಣ್ಣು ಅಂತ ನಾನು ಮುಟ್ಟಲಿಲ್ಲ. ಆದರೆ ಆ ರಾತ್ರಿ ನನ್ನ ಕೋಪ ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು.

ಕೋಪ ಹೋದರೂ ಕೆಲಸ ಇತ್ತಲ್ಲ. ಪುಟ್ಟಸ್ವಾಮಣ್ಣ ಮೊದಲು ಮಾಡಿದ್ದು ಅನ್ನುವುದಕ್ಕೆ ಎಲ್ಲಕ್ಕಿಂತ ಹಳೆಯ ಗಿಳಿ ಪೆಟ್ಟಿಗೆ ಬೇಕಿತ್ತು. ಅದು ಎಲ್ಲಿದೆ ಅಂದರೆ ಅವರ ಮುಖ ಅರಳಿತು. ಅಂಗಡಿ ತೆಗೆದ ದಿನ ಮಾಡಿದ ಮೊಟ್ಟಮೊದಲ ಪೆಟ್ಟಿಗೆಯನ್ನು ಅಕ್ಕನಿಗೆ ಕೊಟ್ಟಿದ್ದರು. ಅಕ್ಕ ಚಿಕ್ಕತಾಯಮ್ಮನನ್ನು ಕೊಟ್ಟಿದ್ದು ಬೆಳಕವಾಡಿಗೆ. ತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆಕೆಯನ್ನೇ ಸಾಕ್ಷಿ ಹಾಕೋಣ ಅಂತ ಅವರು ಕುಣಿದರು. ಒಡಹುಟ್ಟಿದವರ ಸಾಕ್ಷಿಗೆ ಕೋರ್ಟಿನಲ್ಲಿ ತೂಕ ಕಮ್ಮಿ, ಬೇಕಾದವರ ಮಾತು ಅಂತ ಪಕ್ಕಕ್ಕಿಡುತ್ತಾರೆ, ಪೆಟ್ಟಿಗೆ ಮಾತ್ರ ತರುತ್ತೇನೆ ಅಂತ ನಾನು ದೊಡ್ಡ ವಕೀಲೆಯ ಹಾಗೆ ಬುದ್ಧಿ ಹೇಳಿದೆ. ಆ ಮಾತು ನನಗೇ ತಿರುಗಿ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಮೊದಲ ಸಲ ಬೆಳಕವಾಡಿಗೆ ಹೋದಾಗ ಗದ್ದೆಗಳಿಗೆ ಆಗಷ್ಟೇ ನೀರು ತಿರುಗಿಸಿದ್ದರು. ಚಿಕ್ಕತಾಯಕ್ಕ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮುದ್ದೆ, ಉಪ್ಸಾರು ಬಡಿಸಿ, ಎರಡನೇ ಮುದ್ದೆಗೆ ಬೇಡ ಅಂದರೆ ಬೈದರು. ಪೆಟ್ಟಿಗೆಯ ಮಾತೆತ್ತಿದ ಕೂಡಲೇ ಅದು ಹೊಲದ ಕೊಟ್ಟಿಗೆಯಲ್ಲಿದೆ, ದಾರಿಯೆಲ್ಲ ಕೆಸರು, ಇನ್ನೊಂದು ದಿನ ಬಾ ಅಂದರು. ಎರಡನೇ ಸಲ ಹೋದಾಗ ನಾಟಿ ನಡೆಯುತ್ತಿತ್ತು. ಆಗ ಅದನ್ನು ಯಾರೋ ನೆಂಟರು ಕೇಳಿಕೊಂಡು ಹೋಗಿದ್ದಾರೆ ಅಂದರು. ಮದ್ದೂರಿಗೆ ಬಂದು ಹೇಳಿದರೆ ಪುಟ್ಟಸ್ವಾಮಣ್ಣ ಗಹಗಹಿಸಿ ನಕ್ಕರು. ಆ ಪೆಟ್ಟಿಗೆಯನ್ನು ದೇವರು ಬಂದು ಕೇಳಿದರೂ ನಮ್ಮಕ್ಕ ಕೊಡುವವಳಲ್ಲ, ನೀನು ಬೇರೆ ಯಾರ ಮನೆಗೋ ಹೋಗಿದ್ದೀಯ ಅಂತ ನನ್ನನ್ನೇ ಗೇಲಿ ಮಾಡಿದರು. ನನಗೆ ನಗು ಬರಲಿಲ್ಲ. ಅಷ್ಟು ಪ್ರೀತಿಯಿಂದ ಬಡಿಸಿದ ಹೆಂಗಸು ನನಗೆ ಸುಳ್ಳು ಹೇಳಿದ್ದರು, ಯಾಕೆ ಅಂತ ಹೊಳೆಯಲಿಲ್ಲ.

ಮೂರನೇ ಸಲ ಹೇಳದೆ ಹೋದೆ, ಹಾಲು ಕರೆಯುವ ಹೊತ್ತಿಗೆ. ಅವತ್ತು ಶಿವನಸಮುದ್ರದ ಕಡೆಯಿಂದ ಎದ್ದ ಮಳೆ ರಸ್ತೆ ಕಾಣದ ಹಾಗೆ ಹೊಯ್ಯುತ್ತಿತ್ತು. ಛತ್ರಿ ಹೆಸರಿಗಷ್ಟೇ ಇತ್ತು. ಮನೆಯ ಮುಂಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ಹಿತ್ತಲ ಕಡೆಯಿಂದ ಹಾಡು ಕೇಳಿಸುತ್ತಿತ್ತು. ಆ ದನಿ ನನಗೆ ಗೊತ್ತಿರದೆ ಇರುತ್ತದಾ? ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದ ದನಿ. ಹಿಂದಕ್ಕೆ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ.

ಸೊಳ್ಳೆಗೆ ಹಾಕಿದ್ದ ಬೇವಿನ ಸೊಪ್ಪಿನ ಹೊಗೆ ಒಳಗೆಲ್ಲ ತುಂಬಿತ್ತು. ಕೊಟ್ಟಿಗೆಯ ಹಳೆಯ ಭಾಗದಲ್ಲಿ ಒಂದು ಪೆಟ್ಟಿಗೆ, ಆಚೆ ಶೀಟು ಹೊದಿಸಿದ ಹೊಸ ಭಾಗದಲ್ಲಿ ಇನ್ನೊಂದು. ಹಳೆಯದರ ನೆತ್ತಿಗೆ ಯೂರಿಯಾ ಚೀಲ ಕತ್ತರಿಸಿ ಟೋಪಿ ಹಾಕಿದ್ದರು. ಆದರೂ ಮೇಲಿನ ಒಡೆದ ಹೆಂಚಿನಿಂದ ನೀರು ತೊಟ್ಟಿಕ್ಕಿ ಚೀಲದ ಅಂಚಿನಿಂದ ಜಾರಿ ಪೆಟ್ಟಿಗೆಯ ಎಡಮಗ್ಗುಲಿಗೇ ಇಳಿಯುತ್ತಿತ್ತು. ಎಷ್ಟು ಮಳೆಗಾಲದಿಂದಲೋ. ಪ್ಲೈವುಡ್ಡು ಕುಡಿದು ಕುಡಿದು ಹೊಟ್ಟೆ ಬಂದಿತ್ತು. ಮೂಲೆಯ ಗಿಳಿ ಹೊಗೆ ಹಿಡಿದು ಕಪ್ಪಾಗಿ, ಒರೆಸಿ ಒರೆಸಿ ಕೊಕ್ಕು ಬಾಲ ಸವೆದು ಬರೀ ಒಂದು ಮೊಟಕು ಹಕ್ಕಿ ಉಳಿದಿತ್ತು. ಆಚೆ ತೂಗುತ್ತಿದ್ದ ಹೊಸ ಮೈನಾ ಒಣಗಿದ ಜಾಗದಲ್ಲಿದ್ದರೂ ಅದಕ್ಕೂ ಅದೇ ಹೊಟ್ಟೆ, ಅದೇ ಮೊಟಕು ಹಕ್ಕಿ. ನಾನು ಒಂದನ್ನು ನೋಡಿದೆ, ಇನ್ನೊಂದನ್ನು ನೋಡಿದೆ. ಮಾದೇಶ ಯಾಕೆ ಹೆಸರು ಹೇಳಲಿಲ್ಲ ಅಂತ ಆಗ ತಿಳಿಯಿತು.

ಚಿಕ್ಕತಾಯಕ್ಕ ಹಸುವಿನ ಪಕ್ಕೆಗೆ ಹಣೆ ಆನಿಸಿ ಕೂತಿದ್ದರು. ನನ್ನನ್ನು ಕಂಡರೂ ಏಳಲಿಲ್ಲ. ಹಾಲು ಇಳಿಸುತ್ತಿರುವ ಹಸುವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಕೈ ಆಡುತ್ತಲೇ ಇತ್ತು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಇನ್ನೆರಡು ಅಸ ತಂದೊ. ಆ ಕಡೀಕೂ ಒಂದು ಬೇಕಾಯ್ತು. ಪುಟ್ಟನ್ನ ಕೇಳಿದ್ರೆ ದುಡ್ಡು ಮುಟ್ಟಾಕಿಲ್ಲ, ಅದು ನಂಗೊತ್ತು. ನಮ್ ಮಗಳ ಮದ್ವೆ ಅವ್ನೇ ನಿಂತು ಮಾಡ್ದ, ಈ ಶೀಟು ಅವ್ನೇ ಒದಿಸ್ದ. ಎಷ್ಟು ಅಂತ ತಮ್ಮನ ತಾವ ಇಸ್ಕಳನೆ, ನೀನೇ ಏಳು. ಅದ್ಕೆ ಮಳವಳ್ಳಿಗೆ ಒತ್ಕಂಡೋಗಿ ಅಳತೆಗೆ ಕೊಟ್ಟೆ. ಬ್ಯಾರೆ ಯಾವ್ದೂ ಬ್ಯಾಡ, ನಮ್ ಪುಟ್ಟನ ತರದ್ದೇ ಬೇಕು ಅಂತ ಕೊಟ್ಟೆ ಕಣವ್ವ. ಅವ್ನು ಬಂದಾಗೆಲ್ಲ ಎರಡ್ನೂ ಇಳ್ಸಿ ಬಚ್ಚಿಡ್ತಿದ್ದೆ."

ನಾನು ಅಲ್ಲೇ ಹಿಂಡಿಯ ಚೀಲದ ಮೇಲೆ ಕೂತೆ. ತಮ್ಮನ ಪೆಟ್ಟಿಗೆಯ ಮೇಲಿನ ಪ್ರೀತಿಗೆ ಅದನ್ನು ಬೇರೆಯವನ ಕೈಲಿ ಮಾಡಿಸಿದ ಅಕ್ಕ. ಅದನ್ನು ನೋಡಿ ಕೇರಿಗೆ ಕೇರಿಯೇ ಮಾಡಿಸಿಕೊಂಡು, ಕೊನೆಗೆ ತಮ್ಮನೇ ಕಳ್ಳನಾದ. ಆ ಮದುವೆಮನೆಯ ಮಾತು ಕಿವಿಗೆ ಬಿದ್ದ ದಿನದಿಂದ ಆಕೆಗೆ ಅನ್ನ ಸೇರುತ್ತಿರಲಿಲ್ಲವಂತೆ. ನಾನು ಏನು ಮಾಡಬೇಕು ಅಂತ ಯೋಚಿಸುವಷ್ಟರಲ್ಲಿ ಆಕೆಯೇ, "ನೀನು ಏಳ್ಬ್ಯಾಡ, ಅವ್ನ ಕರ್ಕಂಡ್ ಬಾ, ನಾನೇ ಏಳ್ತೀನಿ" ಅಂದರು.

ಭಾನುವಾರ ಪುಟ್ಟಸ್ವಾಮಣ್ಣನನ್ನು ಕರೆದುಕೊಂಡು ಹೋದೆ. ಪೆಟ್ಟಿಗೆ ಸಿಕ್ಕಿದೆ, ಅಕ್ಕ ಬರಹೇಳಿದ್ದಾರೆ ಅಂತಷ್ಟೇ ತಿಳಿಸಿದ್ದೆ. ಅವರು ಬಿಳಿ ಪಂಚೆ ಉಟ್ಟು, ಅಕ್ಕನಿಗೆ ಹೂವು, ಹಣ್ಣು ಹಿಡಿದು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಇನ್ನು ಕೇಸು ಗೆದ್ದ ಹಾಗೆಯೇ ಅಂತ ಹಿಂದೆ ತಿರುಗಿ ತಿರುಗಿ ಹೇಳುತ್ತಿದ್ದರು. ಮಳೆ ನಿಂತು ಬಿಸಿಲು ಬಂದಿತ್ತು. ದಾರಿಯುದ್ದಕ್ಕೂ ಹಸಿರಾದ ಗದ್ದೆಗಳು. ಅದನ್ನೆಲ್ಲ ನೋಡುವ ಮನಸ್ಸು ನನಗಿರಲಿಲ್ಲ.

ಚಿಕ್ಕತಾಯಕ್ಕ ಮನೆಯಲ್ಲಿ ಇರಲಿಲ್ಲ. ಡೈರಿಯ ಹತ್ತಿರ ಇದ್ದರು, ಅಲ್ಲಿಗೇ ಬರಬೇಕಂತೆ. ಹೋದರೆ ಕೇರಿಯ ಹೆಂಗಸರೆಲ್ಲ ಹಾಲಿನ ಕ್ಯಾನು ಹಿಡಿದು ಸಾಲು ನಿಂತಿದ್ದಾರೆ, ಒಂದು ಕಡೆ ಮಾದೇಶನೂ ನಿಂತಿದ್ದಾನೆ. ಅವನನ್ನೂ ಆಕೆಯೇ ಕರೆಸಿದ್ದರು. ತಮ್ಮನನ್ನು ಕಂಡ ಕೂಡಲೇ ಚಿಕ್ಕತಾಯಕ್ಕ ಕ್ಯಾನು ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡರು.

"ಎಲ್ರೂ ಕೇಳ್ರವ್ವ. ಈ ಪೆಟ್ಟಿಗೆ ಮೊದ್ಲು ಮಾಡ್ದೋನು ಇವ್ನು, ನನ್ ತಮ್ಮ, ಆತಗೂರು ಪುಟ್ಸಾಮಿ. ಮಳವಳ್ಳಿಗೆ ಅಳತೆಗೆ ಕೊಟ್ಟೋಳು ನಾನು."

ಸಾಲಿನಲ್ಲಿ ಗುಸುಗುಸು ಎದ್ದಿತು. ಪುಟ್ಟಸ್ವಾಮಣ್ಣನ ಮುಖದಲ್ಲಿದ್ದ ನಗು ಎಲ್ಲಿತ್ತೋ ಅಲ್ಲೇ ನಿಂತುಹೋಯಿತು. ಅಕ್ಕನನ್ನು ನೋಡಿದರು, ಮಾದೇಶನನ್ನು ನೋಡಿದರು, ನನ್ನನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ತೀರ ಮೆಲ್ಲಗೆ, "ನೀನು ಏಳಿದ್ರೆ ಲೆಕ್ಕಕ್ಕಿಲ್ಲ ಕಣಕ್ಕ. ನೀನು ನಮ್ಮಕ್ಕ" ಅಂದರು. ಆಫೀಸಿನಲ್ಲಿ ಕೂತು ನಾನು ಕಲಿಸಿದ ಪಾಠ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲವಾ ಮತ್ತೆ, ತಮ್ಮನ ಪರ ಅಕ್ಕ ಮಾತಾಡದೆ ಇನ್ನಾರು ಆಡುತ್ತಾರೆ ಅಂತ ಇನ್ನೊಬ್ಬರು ಅಂದರು.

ಅವರು ಅಲ್ಲಿಂದ ನೇರ ಅಕ್ಕನ ಕೊಟ್ಟಿಗೆಗೆ ನಡೆದರು. ನಾವು ಮೂವರೂ ಹಿಂದೆ. ಮೊದಲ ಪೆಟ್ಟಿಗೆಯ ಕೆಳಗೆ ನಿಂತು ತಲೆಯೆತ್ತಿ ನೋಡಿ, ಏಣಿ ಎಲ್ಲಿ ಅಂತ ಕೇಳಿದರು. ಬಿಳಿ ಪಂಚೆ ಮೇಲಕ್ಕೆ ಕಟ್ಟಿ ಹತ್ತಿ ಒಡೆದ ಹೆಂಚು ತೆಗೆದು ಒಂದು ಗಟ್ಟಿ ಹೆಂಚು ಕೂರಿಸಿದರು. ಇಳಿದು ಬಂದು ಪೆಟ್ಟಿಗೆಯ ಉಬ್ಬಿದ ಮಗ್ಗುಲಿನ ಮೇಲೆ ಅಂಗೈ ಇಟ್ಟರು, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ. ನೀರು ಸೋರುತ್ತದೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ ಅಕ್ಕ ಅಂತ ಕೇಳಿದರು. ಹೇಳಿದ್ದರೆ ಹೊಸ ಚಾವಣಿಯನ್ನೇ ಹಾಕಿಸಿಬಿಡುತ್ತಿದ್ದೆಯಲ್ಲ, ಅದಕ್ಕೇ ಹೇಳಲಿಲ್ಲ ಅಂತ ಆಕೆ ಅತ್ತುಬಿಟ್ಟರು. ಮಾದೇಶ ಕಂಬಕ್ಕೆ ಒರಗಿ ನಿಂತಿದ್ದವನು, ಅದು ಸೋರಿ ಉಬ್ಬಿದ್ದು ಅಂತ ನನಗೆ ಗೊತ್ತೇ ಇರಲಿಲ್ಲ ಅಣ್ಣ, ನಿಮ್ಮ ಕಡೆಯವರು ಹೊಟ್ಟೆ ಬಿಟ್ಟೇ ಮಾಡುತ್ತಾರೆ ಅಂದುಕೊಂಡೆ ಅಂದ. ಪುಟ್ಟಸ್ವಾಮಣ್ಣ ಅವನನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಅವರಿಗೂ ತಡೆಯಲಾಗದೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಕೇಸು ಅಲ್ಲಿಗೆ ಮುಗಿಯಿತು. ಮಾದೇಶ ಮೈನಾ ಮಾಡಿಕೊಳ್ಳಲಿ, ಆ ಹೊಟ್ಟೆಯೊಂದನ್ನು ತೆಗೆಯಲಿ, ಅದು ನೋಡಿದರೆ ನನಗೆ ಸಂಕಟವಾಗುತ್ತದೆ ಅಂದರು. ಅವನು ಒಪ್ಪಿದ. ಕಬ್ಬು ಕಡಿಯುವ ಹೊತ್ತಿಗೆ ಅವನು ಮತ್ತೆ ಮದ್ದೂರಿನ ಅಂಗಡಿಯ ಮುಂದೆ ಪೆಚ್ಚುಮೋರೆ ಹಾಕಿಕೊಂಡು ಬಂದು ನಿಂತಿದ್ದನಂತೆ. ಹೊಟ್ಟೆ ಇಲ್ಲದ ಮೈನಾವನ್ನು ಮಳವಳ್ಳಿ ಸೀಮೆಯಲ್ಲಿ ಒಬ್ಬರೂ ಮುಟ್ಟುತ್ತಿಲ್ಲ, ಡೂಪ್ಲಿಕೇಟು ಅನ್ನುತ್ತಾರೆ, ಏನು ಮಾಡಲಿ ಅಣ್ಣ ಅಂದನಂತೆ. ಪುಟ್ಟಸ್ವಾಮಣ್ಣ ಒಂದು ಟೀ ತರಿಸಿ ಕುಡಿಸಿ, ಹೊಟ್ಟೆ ಇಟ್ಟುಕೊ ಹೋಗು ಅಂತ ಹೇಳಿ ಕಳಿಸಿದರಂತೆ. ನನ್ನ ಫೀಸು ಅಂತ ನಮ್ಮಮ್ಮನಿಗೆ ಒಂದು ಹೊಸ ಗಿಳಿ ತಂದುಕೊಟ್ಟರು. ಅಮ್ಮ ಅವರನ್ನು ಕೂರಿಸಿಕೊಂಡು ಪಾಯಸ ಮಾಡಿ ಬಡಿಸಿದಳು. ಅವರು ಉಂಡರು, ಇನ್ನೊಂದು ಸೌಟು ಹಾಕಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಕೊನೇಗೂ ಆ ಕಡೆಯೋರ ಬಾಯಲ್ಲಿ ಏಳ್ಸಾಕಾಗ್ಲಿಲ್ಲ ಅಲ್ವಾ ಲಾಯರಮ್ಮ" ಅಂದರು. ಆಕ್ಷೇಪಣೆಗೆ ಅಂದದ್ದಲ್ಲ. ಆದರೂ ಅದು ನನ್ನಲ್ಲಿ ಉಳಿಯಿತು. ಆಮೇಲೆ ಎಷ್ಟೋ ಕೇಸು ಗೆದ್ದೆ, ಎಷ್ಟೋ ಸೋತೆ. ಅವರು ಕೇಳಿದ್ದಷ್ಟು ಸಣ್ಣದನ್ನು ಇನ್ನಾರೂ ಕೇಳಲಿಲ್ಲ, ಅದನ್ನೇ ನಾನು ಕೊಡಿಸಲಾಗಲಿಲ್ಲ.

ಅದಕ್ಕೇ ಕಳೆದ ತಿಂಗಳು ಮಳವಳ್ಳಿಯಲ್ಲಿ ಬಸ್ಸು ಬಿಟ್ಟೆ. ರಿಪೇರಿ ಅಂಗಡಿಯ ಬೆಂಚಿನಲ್ಲಿ ಆ ನೀಲಿ ಸೀರೆಯವರ ಪಕ್ಕ ಹೋಗಿ ಕೂತು, ಪೆಟ್ಟಿಗೆಗೆ ಏನಾಗಿದೆ ಅಂತ ಮಾತು ತೆಗೆದೆ. ದನಿ ಕೆಮ್ಮಿದ ಹಾಗೆ ಬರುತ್ತದಂತೆ. ಎರಡು ದಿನದಿಂದ ಹಸು ಸರಿಯಾಗಿ ಹಾಲು ಕೊಡುತ್ತಿಲ್ಲವಂತೆ. ಯಾರು ಮಾಡಿದ ಪೆಟ್ಟಿಗೆ ಇದು ಅಂತ ಕೇಳಿದೆ.

"ತಕ್ಕಂಡಿದ್ದು ಮಾದೇಸನ ತಾವ" ಅಂದರು. "ಆದ್ರೆ ಇದ್ನ ಮೊದ್ಲು ಮಾಡ್ದೋನು ಆತಗೂರು ಪುಟ್ಸಾಮಿ ಅಂತ ಕಣಮ್ಮ."

ಯಾರು ಹೇಳಿದರು ಅಂದೆ. ಎಲ್ಲರಿಗೂ ಗೊತ್ತು ಅಂದರು. ಬೆಳಕವಾಡಿಯ ಡೈರಿಯಲ್ಲಿ ಯಾರೋ ಒಬ್ಬರು ಅಕ್ಕ ಅಂತೆ, ಹೊಸದಾಗಿ ಯಾರು ಹಾಲು ಹಾಕಲು ಬಂದರೂ ಮೊದಲು ಅದನ್ನೇ ಹೇಳುತ್ತಾರಂತೆ, ಅಲ್ಲಿಗೆ ಮದುವೆಯಾಗಿ ಹೋದ ಇವರ ತಂಗಿ ಕೇಳಿಕೊಂಡು ಬಂದು ಇವರ ಊರಿನಲ್ಲೆಲ್ಲ ಹೇಳಿದ್ದಾಳಂತೆ. ವಕೀಲೆಯ ಬುದ್ಧಿ ಎಲ್ಲಿಗೆ ಹೋದೀತು, ಪುಟ್ಟಸ್ವಾಮಿ ನಿಮಗೆ ಏನಾಗಬೇಕು ಅಂತ ಕೇಳಿಯೇಬಿಟ್ಟೆ. ಏನೂ ಆಗಬೇಕಿಲ್ಲ, ಅವರ ಮುಖವನ್ನೇ ನೋಡಿಲ್ಲ ಅಂದರು.

ಮೊಬೈಲು ತೆಗೆದು ಮದ್ದೂರಿಗೆ ಹಚ್ಚಿದೆ. ಪುಟ್ಟಸ್ವಾಮಣ್ಣ ಎತ್ತಿದರು. ಒಬ್ಬರು ಮಾತಾಡುತ್ತಾರೆ, ಕೇಳಿ ಅಂತಷ್ಟೇ ಹೇಳಿ ಫೋನನ್ನು ಆ ಹೆಂಗಸಿನ ಕೈಗೆ ಕೊಟ್ಟು, ಈಗ ನನಗೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ ಅಂದೆ. ಅವರು ನನ್ನನ್ನು ತಲೆ ಕೆಟ್ಟವಳು ಅಂತ ನೋಡಿದರು, ಆದರೂ ಹೇಳಿದರು. ಅದೇ ಮಾತು, ಹೆಸರು ಸಮೇತ. ನಾನು ಫೋನು ವಾಪಸ್ ತೆಗೆದುಕೊಂಡು ಕಿವಿಗಿಟ್ಟೆ. ಪುಟ್ಟಸ್ವಾಮಣ್ಣ ಕೇಳಿದರು.

"ಏನಾಗದಂತೆ ಪೆಟ್ಟಿಗೆಗೆ?"

ಕೆಮ್ಮುತ್ತದಂತೆ ಅಂದೆ.

"ಸ್ಪೀಕರಿನ ಕಾಗ್ದದ ಕೋನು ಅರ್ದಿರ್ತದೆ. ಅಲ್ಲಿ ಯಾರೂ ಅಂಟು ಗಿಂಟು ಆಕ್ಬ್ಯಾಡಿ ಅನ್ನು. ಆವಮ್ಮನ್ನ ಅಲ್ಲೇ ಇರಾಕೇಳು, ಬಸ್ಸು ಅತ್ತುತಾವ್ನಿ."

ಸ್ವಲ್ಪ ಕಾಯಬೇಕಂತೆ, ರಿಪೇರಿಗೆ ಮದ್ದೂರಿನಿಂದ ಒಬ್ಬರು ಬರುತ್ತಿದ್ದಾರೆ ಅಂತ ಆಕೆಗೆ ಹೇಳಿದೆ. ಅಷ್ಟು ದೂರದಿಂದಲಾ, ಯಾರಮ್ಮ ಅವರು ಅಂತ ಕೇಳಿದರು.

"ಇದನ್ನು ಮಾಡಿದವರು" ಅಂದೆ.